ಕರಗಲೇಬೇಕಾದ ಇಟ್ಟಿಗೆ

ನನ್ನ ಮೇಜಿನ ಮೇಲೆ, ಫ್ಯಾನಿನ ಗಾಳಿಗೆ ಕಾಗದ ಹಾರದಿರಲೆಂದು ಇಟ್ಟುಕೊಂಡ ಒಂದು ಲೋಹದ ತುಂಡಿದೆ. ಇಲಿ ಕಡಿದ ಬೆಲ್ಲದಚ್ಚಿನ ಹಾಗೆ ಕಾಣುತ್ತದೆ. ಮೈತುಂಬ ಗುಳಿ, ಅಂಚುಗಳೆಲ್ಲ ಸವೆದು ಮೊಂಡು, ನಡುವೆ ಒಂದು ಕಬ್ಬಿಣದ ಪಟ್ಟಿ ಪಕ್ಕೆಲುಬಿನಂತೆ ಹೊರಗೆ ಚಾಚಿದೆ. ಮನೆಗೆ ಬಂದವರು ಇದನ್ನೊಮ್ಮೆ ಎತ್ತಿ ನೋಡದೆ ಹೋಗುವುದಿಲ್ಲ. ಪಕ್ಕದ ಮನೆಯ ಮೇಷ್ಟ್ರು ಇದು ಆಕಾಶದಿಂದ ಬಿದ್ದ ಕಲ್ಲೇ ಎಂದು ಹಟ ಹಿಡಿದರು. ಗ್ಯಾಸ್ ಸಿಲಿಂಡರ್ ತರುವವನು, 'ಗುಜರಿಗೆ ಹಾಕ್ಬಿಡಿ ಮೇಡಂ, ಮನೇಲಿಟ್ಕೊಂಡ್ರೆ ದರಿದ್ರ' ಎಂದ. ಇದು ಸಮುದ್ರ ತಿಂದು ಬಿಟ್ಟದ್ದು ಎಂದರೆ ಇಬ್ಬರೂ ನಂಬಲಿಲ್ಲ. ತಪ್ಪು ಅವರದ್ದೂ ಅಲ್ಲ. ಕೋಲಾರದಲ್ಲಿ ಕೂತು ಸಮುದ್ರದ ಸುದ್ದಿ ಹೇಳುವವಳನ್ನು ನಾನೂ ನಂಬುತ್ತಿರಲಿಲ್ಲ.

ಇದು ಜಿಂಕು. ಪಠ್ಯಪುಸ್ತಕದಲ್ಲಿ ಸತು. ಮೀನುಗಾರಿಕೆಯ ದೋಣಿ ನೀರಿಗಿಳಿದಾಗ ಅದರ ಹೊಟ್ಟೆಯ ಕೆಳಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಕೆಲವು ಲೋಹದ ಅಂಗಗಳಿರುತ್ತವೆ: ನೀರು ಕಡೆಯುವ ಪ್ರೊಪೆಲ್ಲರ್, ಅದನ್ನು ತಿರುಗಿಸುವ ದಂಡ, ದಿಕ್ಕು ಬದಲಿಸುವ ಚುಕ್ಕಾಣಿಯ ಹಲಗೆ. ಉಪ್ಪುನೀರು ಇವನ್ನು ಹಗಲೂ ರಾತ್ರಿ ತಿನ್ನುತ್ತದೆ. ಅವಕ್ಕೆ ತಗುಲುವಂತೆ ಜಿಂಕಿನ ತುಂಡುಗಳನ್ನು ಬೋಲ್ಟ್ ಹಾಕಿ ಬಿಗಿದರೆ ಉಪ್ಪುನೀರು ಅವನ್ನು ಬಿಟ್ಟು ಜಿಂಕನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ ದೋಣಿಯನ್ನು ದಡಕ್ಕೆಳೆದು, ಸವೆದ ತುಂಡು ಬಿಚ್ಚಿ, ಹೊಸದನ್ನು ಹಾಕುತ್ತಾರೆ.

ಇದರಲ್ಲಿ ಬಲಿದಾನ, ತ್ಯಾಗ ಎಂದೆಲ್ಲ ಹೇಳಿ ಕಣ್ಣೊರೆಸಿಕೊಳ್ಳುವ ಅವಕಾಶ ಬೇಕಾದಷ್ಟಿದೆ. ನಾನು ಆ ಕಡೆ ಹೋಗುವುದಿಲ್ಲ. ನನಗೆ ಬೇಕಾದದ್ದು ಬೇರೆ. ಇಂಥ ತುಂಡುಗಳ ಕತೆಯನ್ನು ನಾನು ಒಂದು ವರ್ಷದಿಂದ ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ನುಣ್ಣಗಾಗಿದೆ. ನುಣ್ಣಗಾದ ನೆನಪನ್ನು ಕಂಡರೆ ನನಗೆ ಅನುಮಾನ, ಯಾರೋ ಅದಕ್ಕೆ ಬಣ್ಣ ಬಳಿದಿರುತ್ತಾರೆ. ಈ ಕತೆಯಲ್ಲಂತೂ ಬಣ್ಣ ಬಳಿದವರು ಯಾರು ಎಂಬುದೇ ಮುಖ್ಯ ಪ್ರಶ್ನೆ.

ಚಿಕ್ಕಪ್ಪನಿಂದ ಶುರು ಮಾಡುತ್ತೇನೆ. ಮಾಲೂರಿನ ಹೊರಗೆ, ರೈಲು ಹಳಿಯಿಂದ ಕೂಗಳತೆಯಲ್ಲಿ ನನ್ನ ಚಿಕ್ಕಪ್ಪನ ಇಟ್ಟಿಗೆ ಗೂಡಿತ್ತು. ಬೇಸಿಗೆ ರಜೆಗೆ ನಾವು ಯಲ್ದೂರಿನ ಮಕ್ಕಳೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಆರುತ್ತಿರುವ ಗೂಡಿನ ಬಾಯಲ್ಲಿ ಗೆಣಸು ಹೂತು, ಮೂತಿಯೆಲ್ಲ ಕೆಂಪು ಧೂಳು ಮಾಡಿಕೊಂಡು ತಿಂದದ್ದು ನೆನಪಿದೆ. ಗೆಣಸು ಬೇಸಿಗೆಯಲ್ಲಿ ಬರುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಬಹುಶಃ ಅದು ಕಡಲೆಕಾಯಿ, ಅಥವಾ ಬೇರೆ ಯಾವುದೋ ರಜೆ. ಆದರೆ ಒಂದು ವಿಷಯ ಖಚಿತ, ಏಕೆಂದರೆ ಅದನ್ನು ನೂರಾರು ಸಲ ನೋಡಿದ್ದೇನೆ. ಗೂಡಿನಿಂದ ಹೊಸ ಇಟ್ಟಿಗೆ ಬಂದ ದಿನ ಚಿಕ್ಕಪ್ಪ ಒಂದನ್ನು ಆರಿಸಿ ನೀರಿನ ತೊಟ್ಟಿಗೆ ಹಾಕುತ್ತಿದ್ದರು. ಮಾರನೆಯ ದಿನ ಹೊರತೆಗೆದು, ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಎಳೆಯುತ್ತಿದ್ದರು. ಬೆರಳಿಗೆ ಕೆಸರು ಹತ್ತಿದರೆ ಇಡೀ ಗೂಡಿನ ಮಾಲು ದಂಡ. ಹತ್ತದಿದ್ದರೆ ಮುಖ ಅರಳುತ್ತಿತ್ತು.

'ನೀರಲ್ಲಿ ಹಾಕಿದ್ದು ಹಾಕ್ದಂಗೇ ಬರ್ಬೇಕು. ಅದು ಕಣ್ರೋ ಮಾಲು' ಎನ್ನುತ್ತಿದ್ದರು. ನಮ್ಮನ್ನೂ ಅವರು ಅದೇ ತೊಟ್ಟಿಯಲ್ಲಿ ಮುಳುಗಿಸಿ ಎತ್ತುತ್ತಿದ್ದರು, ಧೂಳು ಹೋಗಲಿ ಎಂದು. ಆಗಲೂ ಇದೇ ಮಾತು.

ಆಮೇಲೆ ಒಳ್ಳೆಯ ಮಣ್ಣು ಸಿಗುವುದು ಕಷ್ಟವಾಯಿತು. ಚಿಕ್ಕಪ್ಪ ಗೂಡು ನಿಲ್ಲಿಸಿ, ಅದೇ ಜಾಗದಲ್ಲಿ ಶೆಡ್ ಹಾಕಿ, ಎರಕದ ಕೆಲಸ ಹಿಡಿದರು. ಬೆಂಕಿಯ ಜೊತೆ ಬಾಳಿದ ಮನುಷ್ಯ, ಮಣ್ಣಿನ ಬದಲು ಲೋಹ ಎಂದುಕೊಂಡರು. ಜಿಂಕಿಗೆ ಇಟ್ಟಿಗೆಯಷ್ಟು ಕಾವು ಬೇಕಿಲ್ಲ, ಕಬ್ಬಿಣದ ಬಾಣಲೆಯಲ್ಲಿ ತುಪ್ಪದ ಹಾಗೆ ಕರಗುತ್ತದೆ. ಗೂಡಿನ ಕಾಲದಿಂದ ಅವರ ಜೊತೆಗಿದ್ದ ಗಂಗಮ್ಮ ಇಲ್ಲಿಗೂ ಬಂದಳು. ಎರಕವಾದದ್ದನ್ನು ಅರ ಉಜ್ಜಿ ನಯ ಮಾಡುವುದು ಅವಳ ಕೆಲಸ. ಮುಳಬಾಗಿಲಿನ ಆಚೆ, ಆಂಧ್ರದ ಗಡಿಯಂಚಿನ ಹಳ್ಳಿಯವಳು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ತೆಲುಗಿನಲ್ಲಿ ಮುಗಿಸುತ್ತಾಳೆ. ಜಿಂಕಿನ ತುಂಡುಗಳಿಗೆ 'ಬಿಳಿ ಇಟ್ಟಿಗೆ' ಎಂದು ಹೆಸರಿಟ್ಟವಳು ಅವಳೇ.

ಆ ಕಾಲಕ್ಕೆ ನಾನು ಶಾಲೆಯ ಕೆಲಸ ಬಿಟ್ಟು, ಬರೆಯುತ್ತೇನೆಂದು ಊರಿಗೆಲ್ಲ ಹೇಳಿ, ಬರೆಯದೆ, ವಾರಕ್ಕೆ ನಾಲ್ಕು ದಿನ ಚಿಕ್ಕಪ್ಪನ ಶೆಡ್ಡಿನಲ್ಲಿ ಕೂರುತ್ತಿದ್ದೆ. ನನ್ನ ಸ್ಥಾನ ಏನೆಂದು ಯಾರೂ ಹೇಳಿರಲಿಲ್ಲ. ನಾನು ರಸಾಯನಶಾಸ್ತ್ರ ಓದಿದವಳಾದ್ದರಿಂದ ಚಿಕ್ಕಪ್ಪ ಬಂದವರಿಗೆ, 'ನಮ್ ಹುಡ್ಗಿ, ಬಿಎಸ್ಸಿ, ಎಲ್ಲಾ ಚೆಕ್ ಮಾಡೋದು ಇವ್ಳೇ' ಎಂದು ಪರಿಚಯಿಸುತ್ತಿದ್ದರು. ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಈ ತಲೆಯಾಡಿಸುವುದು ಎಂಥ ಅಪಾಯದ ಕೆಲಸ ಎಂದು ಮುಂದೆ ಗೊತ್ತಾಗುತ್ತದೆ.

ದಾಮೋದರಣ್ಣ ಬಂದದ್ದು ಆಗ. ಕರಾವಳಿಯವರು, ಸ್ವಂತ ದೋಣಿ, ಮರದ್ದು. ಅವರ ಭಾವ ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಭಾವನ ಮನೆಯ ಗೃಹಪ್ರವೇಶಕ್ಕೆ ಬಂದವರು ಯಾರಿಂದಲೋ ಕೇಳಿ ಮಾಲೂರಿಗೆ ಬಂದರು. ಚೀಲದಿಂದ ಸವೆದ ತುಂಡೊಂದನ್ನು ತೆಗೆದು ಚಿಕ್ಕಪ್ಪನ ಮುಂದಿಟ್ಟು, 'ಇಂಥದ್ದು ಎಂಟು ಬೇಕಿತ್ತು' ಎಂದರು.

ಚಿಕ್ಕಪ್ಪ ಆ ತುಂಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಮುಖದಲ್ಲಿ ನೋವು ಕಾಣಿಸಿತು.

'ಯಾರ್ ಸ್ವಾಮಿ ಇದನ್ನ ಹೊಯ್ದಿದ್ದು? ಇಷ್ಟ್ ಕೆಟ್ಟ ಎರಕ ನನ್ ಜನ್ಮದಲ್ಲಿ ನೋಡಿಲ್ಲ.'

'ಹೊಯ್ದದ್ದು ಸರಿ ಉಂಟು ಮಾರಾಯ್ರೆ. ಹಾಕುವಾಗ ಇಷ್ಟು ದಪ್ಪ, ಇಷ್ಟು ಉದ್ದ ಇತ್ತು' ಎಂದು ದಾಮೋದರಣ್ಣ ಬೆರಳಲ್ಲಿ ಅಳತೆ ತೋರಿಸಿದರು. 'ಸಮುದ್ರದಲ್ಲಿ ಹೀಗೆ ಆಗುವುದು.'

'ನಮ್ದು ಹಂಗಾಗಲ್ಲ ಬಿಡಿ' ಎಂದರು ಚಿಕ್ಕಪ್ಪ. 'ಏನಮ್ಮಾ?'

ನಾನು ತಲೆಯಾಡಿಸಿದೆ.

ಇಲ್ಲಿ ನನ್ನ ಪರವಾಗಿ ಒಂದು ಮಾತು. ಉಪ್ಪು ಲೋಹವನ್ನು ತಿನ್ನುತ್ತದೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಯಲ್ದೂರಿನಲ್ಲಿ ಹುಟ್ಟಿದವರಿಗೆ ಅದು ಮಾವಿನ ಉಪ್ಪಿನಕಾಯಿಯ ಜಾಡಿಯಿಂದಲೇ ಗೊತ್ತಾಗುತ್ತದೆ. ನಮ್ಮಜ್ಜಿಯ ಪಿಂಗಾಣಿ ಜಾಡಿಯ ಮುಚ್ಚಳ ಒಡೆದುಹೋಗಿ, ಡಬ್ಬಿಯೊಂದರ ತಗಡಿನ ಮುಚ್ಚಳ ಹಾಕಿದ್ದರು. ಯುಗಾದಿಯ ಹೊತ್ತಿಗೆ ಅದರಲ್ಲಿ ನಕ್ಷತ್ರದಂತೆ ತೂತುಗಳು. ಅಲ್ಲದೆ ಯಾವ ಲೋಹ ಯಾವುದಕ್ಕಿಂತ ಬೇಗ ಸವೆಯುತ್ತದೆ ಎಂಬ ಪಟ್ಟಿಯನ್ನು ಪರೀಕ್ಷೆಗೆ ಉರು ಹೊಡೆದಿದ್ದೆ. ಜಿಂಕು ಮೇಲೆ, ಕಬ್ಬಿಣ ಅದರ ಕೆಳಗೆ, ತಾಮ್ರ ಇನ್ನೂ ಕೆಳಗೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಶೆಡ್ಡಿನಲ್ಲಿ ಯಾರೂ ನನ್ನನ್ನು ನಿದ್ದೆಯಿಂದ ಎಬ್ಬಿಸಿ ಕೇಳಲಿಲ್ಲ, ಅದೇ ತೊಂದರೆಯಾದದ್ದು.

ಎಂಟು ತುಂಡು ತಯಾರಾದವು. ಅಚ್ಚಿನಿಂದ ಬಂದಾಗ ಬೆಣ್ಣೆಯ ಮುದ್ದೆಯಂತಿದ್ದವು. ಗಂಗಮ್ಮ ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು. ಮತ್ತೆ ಬಣ್ಣ. ನಮ್ಮ ಕಡೆ ಲೋಹದ ಯಾವ ವಸ್ತುವೂ ಬಣ್ಣವಿಲ್ಲದೆ ಬಾಗಿಲು ದಾಟುವುದಿಲ್ಲ. ನೇಗಿಲಿಗೆ ಬಣ್ಣ, ಗಾಡಿಯ ಪಟ್ಟಿಗೆ ಬಣ್ಣ, ನೂರಾರು ಅಡಿ ಆಳಕ್ಕೆ ಇಳಿದು ಮತ್ತೆಂದೂ ಕಾಣಿಸದ ಬೋರ್‌ವೆಲ್ ಪೈಪಿಗೂ ಬಣ್ಣ. ಈ ಎಂಟಕ್ಕೂ ಬೆಳ್ಳಿ ಬಣ್ಣದ ಪೇಂಟ್ ಎರಡು ಕೋಟು ಬಿತ್ತು. ಅದರ ಮೇಲೆ ಕೆಂಪಿನಲ್ಲಿ 'ಮಾಲೂರು' ಎಂದು ಬರೆದದ್ದು ನಾನು. ಬಣ್ಣ ಬಳಿದದ್ದು ಚಿಕ್ಕಪ್ಪ. ಹೀಗೆಂದು ನಾನು ಒಂದು ವರ್ಷ ಹೇಳಿಕೊಂಡು ಬಂದಿದ್ದೇನೆ. ನೀವೂ ಸದ್ಯಕ್ಕೆ ಹಾಗೆಂದೇ ಇಟ್ಟುಕೊಳ್ಳಿ, ಮುಂದೆ ನೋಡೋಣ.

ತುಂಡುಗಳು ಲಾರಿಯಲ್ಲಿ ಘಟ್ಟ ಇಳಿದು ಹೋದವು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿ ನೀರಿಗಿಳಿಯಿತು ಎಂದು ಸುದ್ದಿ ಬಂತು. ಆಮೇಲೆ ಹತ್ತು ತಿಂಗಳು ಏನೂ ಇಲ್ಲ. ಆಗೀಗ ಚಿಕ್ಕಪ್ಪ, 'ನಮ್ ಇಟ್ಟಿಗೆ ಈಗ ಎಲ್ಲಿ ತಿರುಗ್ತಾ ಇರ್ತಾವೋ' ಎನ್ನುತ್ತಿದ್ದರು, ಮಕ್ಕಳನ್ನು ದೂರದೇಶಕ್ಕೆ ಕಳಿಸಿದವರ ಹಾಗೆ. ಅವರು ಸಮುದ್ರ ನೋಡಿರಲಿಲ್ಲ. ನಾನು ನೋಡಿದ್ದೆ ಎಂದು ಹೇಳಿಕೊಂಡಿದ್ದೆ. ಶಾಲೆಯ ಪ್ರವಾಸದಲ್ಲಿ ಬಸ್ಸಿನ ಕಿಟಕಿಯಿಂದ ದೂರದಲ್ಲಿ ನೀಲಿಗೆರೆ ಕಂಡದ್ದು ಸಮುದ್ರವೋ ದೊಡ್ಡ ಕೆರೆಯೋ ಇವತ್ತಿಗೂ ತೀರ್ಮಾನವಾಗಿಲ್ಲ.

ಮಾರನೆಯ ವರ್ಷದ ಜೂನ್. ಶ್ರೀನಿವಾಸಪುರದ ಮಂಡಿಯೆಲ್ಲ ಮಾವು. ದೋಣಿಗಳನ್ನು ದಡಕ್ಕೆಳೆಯುವ ಕಾಲ. ದಾಮೋದರಣ್ಣನ ಫೋನ್ ಬಂತು. ಎತ್ತಿದ್ದು ನಾನು.

'ನಿಮ್ಮ ತುಂಡು ಬಿಚ್ಚಿದೆ. ಹಾಕಿದ ಹಾಗೇ ಉಂಟು. ಒಂದು ಗೀರು ಸಹ ಇಲ್ಲ. ನೀವು ಬರ್ದ ಹೆಸರು ಸಹ ಹಾಗೇ...'

ಅಷ್ಟರಲ್ಲಿ ಲೈನ್ ಕಟ್ಟಾಯಿತು. ನನಗೆ ಅಷ್ಟು ಸಾಕಾಗಿತ್ತು. ಫೋನ್ ಇಟ್ಟು ಕೂಗಿಕೊಂಡೇ ಓಡಿದೆ.

'ಚಿಕ್ಕಪ್ಪಾ, ಹಾಕಿದ್ದು ಹಾಕ್ದಂಗೇ ಬಂದಿದೆಯಂತೆ!'

ಅವರು ಬಾಣಲೆಯ ಮುಂದಿನಿಂದ ಎದ್ದು ಬಂದರು. ಹೆಬ್ಬೆರಳಿನಿಂದ ಗಾಳಿಯಲ್ಲಿ ಯಾವುದೋ ಅಂಚು ಸವರಿದರು. 'ನಾನ್ ಹೇಳಿರ್ಲಿಲ್ವಾ? ಸಮುದ್ರ ಇರ್ಲಿ, ಏನೇ ಇರ್ಲಿ. ಲೇ ಗಂಗಮ್ಮ, ಯಲ್ದೂರಿಂದ ಬಂದಿದ್ದ ಬಾದಾಮಿ ಹಣ್ಣು ಎಲ್ಲಿಟ್ಟೆ? ಒಂದ್ ಬಾಕ್ಸ್ ಕಟ್ಟು. ಆ ಯಪ್ಪನಿಗೆ ಕಳ್ಸೋಣ.'

ಗಂಗಮ್ಮ ಹುಲ್ಲು ಹಾಸಿ ಮಾವು ಜೋಡಿಸುತ್ತಿದ್ದಳು. ಮೂರನೆಯ ಸಾಲು ಇಡುವ ಹೊತ್ತಿಗೆ ಮತ್ತೆ ಫೋನ್. ಈ ಸಲ ಚಿಕ್ಕಪ್ಪ ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿಸಿದರು.

'ಲೈನ್ ಹೋಯ್ತು. ನಾನು ಹೇಳ್ತಾ ಇದ್ದದ್ದು ಎಂತ ಅಂದ್ರೆ, ನಿಮ್ಮ ತುಂಡು ಹಾಗೇ ಉಂಟು, ನನ್ನ ದೋಣಿ ಹೋಯ್ತು. ಚುಕ್ಕಾಣಿ ಹಲಗೆ ಜರಡಿ ಆಗಿದೆ. ಪ್ರೊಪೆಲ್ಲರಿನ ಅಂಚು ಕೆಂಪಾಗಿ ಬಿಸ್ಕೂಟಿನ ಹಾಗೆ ಮುರೀತದೆ. ಜಿಂಕು ಕರಗ್ಲಿಕ್ಕೆ ಅಂತ ಹಾಕುವುದು ಮಾರಾಯ್ರೆ. ಅದಕ್ಕೆ ಪೇಂಟ್ ಹೊಡೆಯುವುದುಂಟಾ? ಪೇಂಟ್ ಇದ್ರೆ ನೀರಿಗೆ ಅದು ಸಿಗುವುದು ಹೇಗೆ?'

ಗಂಗಮ್ಮ ಕೈಯಲ್ಲಿದ್ದ ಹಣ್ಣನ್ನು ಬಾಕ್ಸಿಗೆ ಇಡಬೇಕೋ ಬೇಡವೋ ತಿಳಿಯದೆ ಹಿಡಿದು ನಿಂತಳು.

'ಅದನ್ನು ಕಟ್ಟುವಾಗ ನಾನು ಊರಲ್ಲಿ ಇರ್ಲಿಲ್ಲ' ಎಂದರು ದಾಮೋದರಣ್ಣ. 'ಕಟ್ಟಿದವರು ಬೆಳ್ಳಿ ಬಣ್ಣ ನೋಡಿ ಹೊಸ ಜಿಂಕು ಅಂತ ನೆನೆಸಿದ್ರು. ಹೆಸರು ಕಂಪೆನಿ ಮಾರ್ಕ್ ಅಂತ. ಅವರದ್ದೂ ತಪ್ಪುಂಟು. ಆದ್ರೆ ಆಗಸ್ಟಿಗೆ ದೋಣಿ ಇಳೀಬೇಕು. ಇನ್ನು ನಿಮ್ಮ ತುಂಡು ಹಾಕುವ ಧೈರ್ಯ ನನಗಿಲ್ಲ. ಬೇರೆ ಕಡೆ ನೋಡ್ತೇನೆ, ಬೇಸರ ಮಾಡ್ಬೇಡಿ.'

ಬೇಸರ ಎಂಬ ಮಾತು ಸಣ್ಣದು. ಚಿಕ್ಕಪ್ಪ ಎರಡು ದಿನ ಶೆಡ್ಡಿಗೆ ಬರಲಿಲ್ಲ. ಗೂಡಿನ ಕಾಲದಿಂದಲೂ ಅವರ ಮಾಲನ್ನು ಒಬ್ಬರೂ ವಾಪಸ್ ಕಳಿಸಿರಲಿಲ್ಲ. ಆ ದೋಣಿಗೆ ಇನ್ನೊಮ್ಮೆ ನನ್ನ ತುಂಡು ಬಿಗಿದು ಸರಿ ಮಾಡದಿದ್ದರೆ ಬಾಣಲೆ ಮಗುಚಿಡುತ್ತೇನೆ ಎಂದರಂತೆ ಚಿಕ್ಕಮ್ಮನ ಹತ್ತಿರ. ಅವರಿಗೆ ಹೇಗೋ, ನನಗಂತೂ ನಾಚಿಕೆ ಅರಗಲಿಲ್ಲ. ಆ ಪಟ್ಟಿಯನ್ನು ಉರು ಹೊಡೆದವಳು ನಾನು ತಾನೆ? ಜಿಂಕು ಮೇಲೆ, ಕಬ್ಬಿಣ ಕೆಳಗೆ. ಅದಕ್ಕೆ ಅಂಕವೂ ಬಂದಿತ್ತು.

ಮೂರನೆಯ ದಿನ ನಾನು ಮೂರು ಬಕೆಟ್ ತಂದೆ. ಒಂದೊಂದರಲ್ಲೂ ಹದಿನೈದು ಲೀಟರ್ ನೀರು, ಅರ್ಧ ಕೆಜಿ ಕಲ್ಲುಪ್ಪು. ಕೈಯಾಡಿಸಿ ಕರಗಿಸಿದರೆ ಮಾಲೂರಿನಲ್ಲಿ ಸಮುದ್ರ ಸಿದ್ಧ. ಮೊದಲನೆಯದಕ್ಕೆ ಬರೀ ಕಬ್ಬಿಣದ ಬೋಲ್ಟು. ಎರಡನೆಯದಕ್ಕೆ ಬೋಲ್ಟಿಗೆ ತಂತಿಯಿಂದ ಬಿಗಿದ ಬತ್ತಲೆ ಜಿಂಕು. ಮೂರನೆಯದಕ್ಕೆ ಹಾಗೆಯೇ ಬೋಲ್ಟಿಗೆ ಬಿಗಿದ, ಬಣ್ಣ ಬಳಿದ ಜಿಂಕು. ಚಿಕ್ಕಪ್ಪನನ್ನು ಕರೆಸಿ, ಬಕೆಟ್ಟುಗಳ ಮುಂದೆ ಸ್ಟೂಲ್ ಹಾಕಿ ಕೂರಿಸಿದೆ.

ಎರಡು ದಿನಕ್ಕೆ ಮೊದಲನೆಯ ಮತ್ತು ಮೂರನೆಯ ಬಕೆಟ್ ಚಹಾದ ಬಣ್ಣಕ್ಕೆ ತಿರುಗಿದವು. ಬೋಲ್ಟುಗಳ ಮೈಯೆಲ್ಲ ಕೆಂಪು. ಎರಡನೆಯದರ ಬೋಲ್ಟು ಅಂಗಡಿಯಿಂದ ತಂದಾಗಿನಂತೆಯೇ ಇತ್ತು. ಅದರ ಪಕ್ಕದ ಜಿಂಕಿನ ಹೊಳಪು ಹೋಗಿ, ಮೈಮೇಲೆ ಬೂದಿಯಂಥ ಬಿಳಿ ಪುಡಿ ಕೂತಿತ್ತು. ಚಿಕ್ಕಪ್ಪ ದಿನವೂ ಬೆಳಿಗ್ಗೆ ಬಂದು ಮೊದಲು ಅದನ್ನೇ ನೋಡುತ್ತಿದ್ದರು.

'ತಿಂತಾ ಇದೆಯಲ್ಲಮ್ಮಾ' ಎಂದು ಸಂಕಟಪಟ್ಟರು. 'ನಮ್ ಗಂಗಮ್ಮ ಅಷ್ಟು ಉಜ್ಜಿದ್ಳು.'

'ಊರ್ಕೊ ಸಾಮಿ' ಎಂದಳು ಗಂಗಮ್ಮ. ಸುಮ್ಮನಿರಿ ಎಂದು ಅದರರ್ಥ. 'ತಿನ್ಲಿ ಅಂತಾನೇ ಅಲ್ವಾ ಹಾಕಿರೋದು? ಮದುವೆ ಮನೇಲಿ ಊಟ ಬಡಿಸಿ, ಎಲೆ ಖಾಲಿ ಆಯ್ತು ಅಂತ ಯಾರಾದ್ರೂ ಅಳ್ತಾರಾ, ಎವರನ್ನಾ?'

ಚಿಕ್ಕಪ್ಪ ಅವಳನ್ನೇ ನೋಡಿದರು. ಎಷ್ಟೋ ವರ್ಷದ ಇಟ್ಟಿಗೆಯ ಬುದ್ಧಿ ತಿರುಗಿದ್ದು ನನ್ನ ರಸಾಯನಶಾಸ್ತ್ರದಿಂದ ಅಲ್ಲ, ಆ ಖಾಲಿ ಎಲೆಯಿಂದ ಎಂದು ನಾನು ಖಂಡಿತವಾಗಿ ಹೇಳಬಲ್ಲೆ. ಅವರು ಸ್ಟೂಲಿನಿಂದ ಎದ್ದು, ಎರಡನೆಯ ಬಕೆಟ್ಟಿಗೆ ಕೈ ಹಾಕಿ, ಜಿಂಕಿನ ಅಂಚಿನ ಮೇಲೆ ಹೆಬ್ಬೆರಳು ಒತ್ತಿ ಎಳೆದರು. ಬೆರಳಿಗೆ ಬಿಳಿ ಪುಡಿ ಹತ್ತಿತು. ನೆಕ್ಕಿ ನೋಡಲು ಹೊರಟವರನ್ನು ನಾನು ತಡೆದೆ. ಅವತ್ತೇ ದಾಮೋದರಣ್ಣನಿಗೆ ಫೋನ್ ಮಾಡಿದರು.

'ಸ್ವಾಮಿ, ಎಂಟು ತುಂಡು ನಾನೇ ತಗೊಂಡ್ ಬರ್ತೀನಿ. ನಾನೇ ನಿಂತು ಕಟ್ಟಿಸ್ತೀನಿ. ಈ ಸಲ ಚೆನ್ನಾಗಿ ಹಾಳಾಗುತ್ತೆ, ಗ್ಯಾರಂಟಿ.'

ಆ ಕಡೆಯಿಂದ ನಗು ಕೇಳಿಸಿತು. 'ಬನ್ನಿ. ಒಂದು ವರ್ಷ ನೋಡುವ. ಜಿಂಕು ಹಾಳಾಗದಿದ್ರೆ ಮತ್ತೆ ನಿಮ್ಮ ಸಹವಾಸ ಬೇಡ.'

ಹೀಗೆ ಇಬ್ಬರೂ ಹೊರಟೆವು. ಮಾಲೂರಿನಿಂದ ಬೆಂಗಳೂರಿಗೆ ರೈಲು, ಅಲ್ಲಿಂದ ಬಸ್ಸು. ನಾಲ್ಕು ತುಂಡು ಅವರ ಚೀಲದಲ್ಲಿ, ನಾಲ್ಕು ನನ್ನದರಲ್ಲಿ. ಕಂಡಕ್ಟರು ನನ್ನ ಚೀಲ ಎತ್ತಲು ಹೋಗಿ, 'ಏನಮ್ಮಾ, ಊರಿಂದ ಕಲ್ಲು ತಗೊಂಡ್ ಹೊರಟಿದ್ದೀರಾ?' ಎಂದ. 'ಇಟ್ಟಿಗೆ' ಎಂದರು ಚಿಕ್ಕಪ್ಪ, ಹೆಮ್ಮೆಯಿಂದ.

ದೋಣಿ ದಡದಲ್ಲಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ನೀರಿನಲ್ಲಿ ತೇಲುವುದು ಎಷ್ಟು ದೊಡ್ಡದೆಂದು ಅದರ ಹೊಟ್ಟೆಯ ಕೆಳಗೆ ನಿಂತಾಗಲೇ ತಿಳಿದದ್ದು. ಬಿಚ್ಚಿಟ್ಟ ಹಳೆಯ ಚುಕ್ಕಾಣಿಯ ಹಲಗೆ ಮರಳಿನ ಮೇಲೆ ಬಿದ್ದಿತ್ತು. ಅಜ್ಜಿಯ ಉಪ್ಪಿನಕಾಯಿ ಜಾಡಿಯ ಮುಚ್ಚಳವೇ, ಬಾಗಿಲಿನಷ್ಟು ದೊಡ್ಡದಾಗಿ. ತೂತುಗಳ ಮೂಲಕ ಮರಳು ಕಾಣುತ್ತಿತ್ತು. ದಾಮೋದರಣ್ಣ ಬೈಯಲಿಲ್ಲ. ಎಳನೀರು ಕೊಡಿಸಿದರು. ಆಮೇಲೆ ಆ ಹಲಗೆಯ ಪಕ್ಕ ನಿಂತು ಕೇಳಿದರು:

'ಒಂದು ಕೇಳ್ತೇನೆ, ಸಿಟ್ಟಿಂದ ಅಲ್ಲ. ಆ ಪೇಂಟ್ ಹೊಡ್ದದ್ದು ಯಾರು?'

'ನಾನೇ' ಎಂದರು ಚಿಕ್ಕಪ್ಪ. 'ಇಟ್ಟಿಗೆಯೋನ ಬುದ್ಧಿ.'

ನಾನು ಚುಕ್ಕಾಣಿಯ ತೂತುಗಳನ್ನು ನೋಡುತ್ತಿದ್ದೆ. ಅಂಥ ತೂತುಗಳನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಾರರು.

ತುಂಡುಗಳನ್ನು ಬಿಗಿದಾಯಿತು. ಬೋಲ್ಟು ಕೂರುವ ಜಾಗವನ್ನು ಚಿಕ್ಕಪ್ಪ ತಾವೇ ಉಜ್ಜಿ, ಹಳೆಯ ಬಣ್ಣದ ಚೂರೂ ಉಳಿಯದಂತೆ ಲೋಹಕ್ಕೆ ಲೋಹ ತಾಗುವ ಹಾಗೆ ಮಾಡಿದರು. ದೋಣಿಗೆ ಬಣ್ಣ ಬಳಿಯುವವನು ಡಬ್ಬಿ ಹಿಡಿದು ಅತ್ತ ಬಂದಾಗ, 'ಏಯ್, ಇದರ ಹತ್ರ ಬಂದ್ರೆ ನೋಡು' ಎಂದು ಗದರಿದರು. ಕೊನೆಗೆ ಪಂಚೆ ಎತ್ತಿ ಕಟ್ಟಿ ನೀರಿನ ಅಂಚಿಗೆ ಹೋದರು. ನಾನು ಅವರು ಕೈ ಮುಗಿಯುತ್ತಾರೆ ಎಂದುಕೊಂಡೆ. ಅವರು ಬೊಗಸೆಯಲ್ಲಿ ನೀರೆತ್ತಿ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ, ಉಗಿದು, ನನ್ನ ಕಡೆ ತಿರುಗಿ ಕೂಗಿದರು:

'ನಮ್ ಬಕೆಟ್ಟಿಗಿಂತ ಒಂದ್ ಚಿಟಿಕೆ ಜಾಸ್ತಿ ಕಣಮ್ಮಾ!'

ಇದಾಗಿ ಒಂದು ವರ್ಷ. ಆ ವರ್ಷವೆಲ್ಲ ನಾನು ಈ ಕತೆ ಹೇಳಿದೆ, ಬಣ್ಣ ಬಳಿದ ಚಿಕ್ಕಪ್ಪನನ್ನು ಪ್ರೀತಿಯಿಂದಲೇ ನಗೆಪಾಟಲು ಮಾಡಿದೆ. ಕೇಳಿದವರು ನಕ್ಕರು. ಹೋದ ತಿಂಗಳು ಕೊರಿಯರಿನಲ್ಲಿ ಒಂದು ಭಾರದ ಪೊಟ್ಟಣ ಬಂತು. ಒಳಗೆ ಈ ತುಂಡು, ಜೊತೆಗೆ ಒಂದು ಚೀಟಿ: 'ಪ್ರೊಪೆಲ್ಲರ್, ಚುಕ್ಕಾಣಿ ಹೊಸದರ ಹಾಗೆ ಉಂಟು. ನಿಮ್ಮದು ಚೆನ್ನಾಗಿ ಹಾಳಾಗಿದೆ.'

ನಾನು ಅದನ್ನೆತ್ತಿಕೊಂಡು ಮಾಲೂರಿಗೆ ಓಡಿದೆ. ಚಿಕ್ಕಪ್ಪ ಇನ್ನೂ ಬಂದಿರಲಿಲ್ಲ. ಗಂಗಮ್ಮ ತುಂಡನ್ನು ತೂಗಿ, 'ಅರ್ಧಕ್ಕಿಂತ ಜಾಸ್ತಿ ಹೋಗಿದೆ' ಎಂದು ಕೆನ್ನೆ ಬಡಿದುಕೊಂಡಳು. ಆಮೇಲೆ ಬಾಗಿಲು ಬಡಿದುಕೊಳ್ಳದಂತೆ ಅಡ್ಡ ಇಟ್ಟಿದ್ದ ಹಳೆಯದನ್ನು ಎತ್ತಿ ತಂದು ಪಕ್ಕದಲ್ಲಿಟ್ಟಳು. ದಾಮೋದರಣ್ಣ ವಾಪಸ್ ಕೊಟ್ಟಿದ್ದ, ಬೆಳ್ಳಿ ಬಣ್ಣದ, 'ಮಾಲೂರು' ಎಂದು ಬರೆದ ತುಂಡು.

'ಏನ್ ಚಂದ ಬಳ್ದಿದ್ದೆ ತಲ್ಲೀ' ಎಂದಳು. ನನ್ನನ್ನು ಅವಳು ಹಾಗೇ ಕರೆಯುವುದು, ತಾಯಿ ಎಂದು.

'ಬಳ್ದಿದ್ದು ಚಿಕ್ಕಪ್ಪ. ನಾನು ಬರೆದಿದ್ದು.'

'ಅವ್ರೆಲ್ಲಿ ಬಳಿದ್ರು? ಅವತ್ತು ಅವ್ರು ಕೋಲಾರಕ್ಕೆ ಹೋಗಿದ್ರು. ಡಬ್ಬಿ ಮುಚ್ಚಳ ತೆಗೆಯಕ್ಕಾಗ್ದೆ ನನ್ ಕೈಲಿ ತೆಗೆಸಿದ್ಯಲ್ಲ. ಬಳ್ದಿದ್ದೂ ನೀನೇ, ಬರ್ದಿದ್ದೂ ನೀನೇ.'

ನಾನು ಆತ್ಮವಿಶ್ವಾಸದಿಂದ ನಕ್ಕೆ. ನನ್ನ ನೆನಪಿನಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಚಿಕ್ಕಪ್ಪ ಸ್ಟೂಲಿನ ಮೇಲೆ, ಕೈಯಲ್ಲಿ ಬ್ರಷ್ಷು, ಕಿಟಕಿಯಿಂದ ಬಿಸಿಲು. ಎಷ್ಟು ಸ್ಪಷ್ಟವೆಂದರೆ ಚಿತ್ರ ಬರೆಯಬಹುದು. ಆದರೆ ಅದೇ ಸ್ಟೂಲನ್ನು ನಾನು ತಂದದ್ದು ಬಕೆಟ್ ಇಟ್ಟ ದಿನ. ಅದಕ್ಕೆ ಮೊದಲು ಶೆಡ್ಡಿನಲ್ಲಿ ಸ್ಟೂಲೇ ಇರಲಿಲ್ಲ. ತುಂಡನ್ನು ಬೆಳಕಿಗೆ ಹಿಡಿದೆ. 'ಮಾಲೂರು' ಎಂಬ ನನ್ನ ಕೆಂಪು ಅಕ್ಷರಗಳ ಅಂಚು ಬೆಳ್ಳಿಯೊಳಗೆ ಬೆರೆತು ಹರಡಿತ್ತು. ಬಣ್ಣ ಹಸಿಯಿರುವಾಗಲೇ ಬರೆದದ್ದು. ಆರುವವರೆಗೆ ಕಾಯುವ ತಾಳ್ಮೆಯಿಲ್ಲದವರು ಆ ಶೆಡ್ಡಿನಲ್ಲಿ ಒಬ್ಬರೇ. ಚಿಕ್ಕಪ್ಪ ಹಸಿ ಇಟ್ಟಿಗೆ ಆರಲು ವಾರಗಟ್ಟಲೆ ಕಾದವರು.

ಅವರು ಬಂದರು. ಸವೆದ ತುಂಡು ನೋಡಿ ಅವರ ಮುಖ ಅರಳಿದ್ದನ್ನು ನಾನು ಬಣ್ಣಿಸುವುದಿಲ್ಲ. ಅದರ ಗುಳಿಗಳಲ್ಲಿ ಬೆರಳಾಡಿಸಿ, 'ಏನ್ ಚೆನ್ನಾಗಿ ಹೋಗಿದೆಯಮ್ಮಾ, ಒಂದೇ ಸಮ ಹೋಗಿದೆ ನೋಡು' ಎಂದರು. ಆಗ ನಾನು ಹೇಳಿದೆ.

'ಚಿಕ್ಕಪ್ಪಾ, ಆ ಬಣ್ಣ ಬಳಿದಿದ್ದು ನಾನು. ಅವತ್ತು ದೋಣಿ ಹತ್ರ ನೀವು ನಿಮ್ಮ ಮೇಲೆ ಹಾಕ್ಕೊಂಡ್ರಿ. ನಾನು ಸುಮ್ಮನಿದ್ದೆ.'

'ಏನ್ ಮಾತಾಡ್ತೀಯಮ್ಮಾ? ಬಳಿದಿದ್ದು ನಾನು.'

'ನೀವು ಕೋಲಾರಕ್ಕೆ ಹೋಗಿದ್ರಿ. ಗಂಗಮ್ಮನ್ನ ಕೇಳಿ.'

'ಅವ್ಳಿಗೇನ್ ಗೊತ್ತು? ನನ್ ಕೈಯಾರೆ ಬಳ್ದಿದ್ದೀನಿ. ಇಲ್ಲೇ, ಈ ಸ್ಟೂಲ್ ಮೇಲೆ ಕೂತ್ಕೊಂಡು, ಬಿಸಿಲು ಹಿಂಗೆ ಬೀಳ್ತಿತ್ತು' ಎಂದು ಕಿಟಕಿ ತೋರಿಸಿದರು.

ನನ್ನ ನೆನಪಿನ ಚಿತ್ರವನ್ನೇ ಅವರು ಹೇಳುತ್ತಿದ್ದರು. ಮಾಡದ ತಪ್ಪನ್ನು ಒಂದು ಸಲ ದಡದಲ್ಲಿ ನಿಂತು ಒಪ್ಪಿಕೊಂಡದ್ದು, ನಾನು ಅದನ್ನು ಊರೂರು ಹೇಳಿ ಅವರಿಗೇ ಮರಳಿಸಿದ್ದು, ಎಲ್ಲ ಸೇರಿ ಅವರಲ್ಲಿ ನೆನಪಾಗಿ ಎರಕಗೊಂಡಿತ್ತು. ನಾನು ಹಸಿ ಅಕ್ಷರ ತೋರಿಸಿದೆ. ಗಂಗಮ್ಮ ಸಾಕ್ಷಿ ಹೇಳಿದಳು. ಅವರು ಕೇಳಲಿಲ್ಲ.

'ನನ್ ತಪ್ಪನ್ನ ನೀನ್ಯಾಕೆ ಎತ್ಕೊಂಡ್ ಹೋಗ್ತೀಯಾ?' ಎಂದು ನಿಜಕ್ಕೂ ಸಿಟ್ಟಾದರು.

ದಾರಿ ಕಾಣದೆ ದಾಮೋದರಣ್ಣನಿಗೆ ಫೋನ್ ಮಾಡಿದೆ, ಸ್ಪೀಕರ್ ಹಾಕಿ. 'ಅಣ್ಣಾ, ಆ ಪೇಂಟ್ ಹೊಡೆದದ್ದು ನಾನು. ಅವತ್ತು ಹೇಳಬೇಕಿತ್ತು.'

'ಸುಳ್ಳು ಸ್ವಾಮಿ, ನಾನೇ' ಎಂದು ಚಿಕ್ಕಪ್ಪ ಹಿಂದಿನಿಂದ ಕೂಗಿದರು.

'ಅದು ನನಗೆ ಅವತ್ತೇ ಗೊತ್ತಾಗಿದೆ' ಎಂದರು ದಾಮೋದರಣ್ಣ. 'ನಿಮ್ಮ ಚಿಕ್ಕಪ್ಪ ನನ್ನ ಮುಖ ನೋಡಿ ಹೇಳಿದ್ರು. ನೀವು ಚುಕ್ಕಾಣಿ ನೋಡ್ತಾ ಇದ್ರಿ. ಹಾಳಾದ ಚುಕ್ಕಾಣಿಯಲ್ಲಿ ಅಷ್ಟು ನೋಡ್ಲಿಕ್ಕೆ ಎಂತ ಉಂಟು? ಆಯ್ತು, ಜಗಳ ಮತ್ತೆ ಮಾಡಿ. ಈ ಸಲ ಹದಿನಾರು ಕಳಿಸಿ, ನನ್ನ ತಮ್ಮನ ದೋಣಿಗೂ ಬೇಕು. ಹೆಸರು ಸಹ ಬರೀಬೇಡಿ.'

ಚಿಕ್ಕಪ್ಪ ಬಾಣಲೆಗೆ ಬೆಂಕಿ ಹಚ್ಚಲು ಹೋದರು. ಹೋಗುತ್ತ ಗಂಗಮ್ಮನಿಗೆ, 'ಈಗಿನವ್ರು ಕಣಮ್ಮ, ಒಂದ್ ತಪ್ಪನ್ನೂ ನಮ್ಗೆ ಅಂತ ಬಿಡಲ್ಲ' ಎಂದದ್ದು ಕೇಳಿಸಿತು.

ಸವೆದ ತುಂಡು ನನ್ನ ಮೇಜಿನ ಮೇಲೆ ಇರುವುದು ಈ ಭಾನುವಾರದವರೆಗೆ ಮಾತ್ರ. ಬಂದ ಗಿರಾಕಿಗಳಿಗೆ ನಮ್ಮ ಕೆಲಸ ಹೇಗೆಂದು ತೋರಿಸಲು ಚಿಕ್ಕಪ್ಪನಿಗೆ ಅದು ಶೆಡ್ಡಿನ ಬಾಗಿಲಲ್ಲಿ ಬೇಕಂತೆ. ಅದನ್ನು ಕೊಟ್ಟು, ಬದಲಿಗೆ ಬೆಳ್ಳಿ ಬಣ್ಣದ್ದನ್ನು ತರುತ್ತೇನೆ. ಹತ್ತು ತಿಂಗಳು ಸಮುದ್ರದಲ್ಲಿದ್ದು ಹಾಕಿದ್ದು ಹಾಕಿದ ಹಾಗೇ ಬಂದ ತುಂಡು. ಕಾಗದ ಹಾರದಂತೆ ಹಿಡಿಯುವ ಕೆಲಸಕ್ಕೆ ಅಡ್ಡಿಯಿಲ್ಲ. ಬರಹ ಮೇಲೆ ಕಾಣುವಂತೆ ಇಡುತ್ತೇನೆ. ಇಷ್ಟು ಚೆನ್ನಾಗಿ ಬಣ್ಣ ಬಳಿದವರು ಯಾರು ಎಂದು ಮೇಷ್ಟ್ರು ಕೇಳೇ ಕೇಳುತ್ತಾರೆ. ಆಗ ನಾನು ತುಂಡನ್ನು ನೋಡುವುದಿಲ್ಲ, ಮೇಷ್ಟ್ರ ಮುಖವನ್ನೇ ನೋಡಿ ಹೇಳುತ್ತೇನೆ.